ಹೆಗಲು ಬದಲಿಸುವ ಹೊತ್ತು

ಆ ಹಳೆಯ ಶೀತಲ ಕೋಣೆಯಲ್ಲಿ ಡೋಲು ಬಾರಿಸಬಹುದೇ ಇಲ್ಲವೇ ಎಂದು ಪರೀಕ್ಷೆ ಮಾಡಿ ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ಬಾರಿಸುವುದು ನನ್ನ ಕೆಲಸವಾಗಿರಲಿಲ್ಲ.

ನ್ಯೂಜಿಲೆಂಡಿನ ಟೌರಂಗಾದಿಂದ ಒಳಗೆ, ಕಿವಿಹಣ್ಣಿನ ತೋಟಗಳು ಮುಗಿದು ದನದ ಹುಲ್ಲುಗಾವಲು ಶುರುವಾಗುವ ಕಡೆ ಒಂದು ಸಣ್ಣ ಊರು. ಅಲ್ಲಿನ ಕೌನ್ಸಿಲ್‌ನಲ್ಲಿ ನಾನು ಕಟ್ಟಡಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಆ ಊರಿಗೆ ಅನ್ನ ಕೊಟ್ಟದ್ದು ಒಂದು ಮಾಂಸದ ಕಾರ್ಖಾನೆ. ದನ, ಕುರಿ ಕಡಿದು, ಹೆಪ್ಪುಗಟ್ಟಿಸಿ ಹಡಗಿಗೆ ಕಳಿಸುತ್ತಿದ್ದ ಜಾಗ. ಅದು ಮುಚ್ಚಿ ಒಂದು ತಲೆಮಾರೇ ಕಳೆದಿದ್ದರೂ ಊರವರು ಈಗಲೂ ಅದನ್ನು ‘ವರ್ಕ್ಸ್’ ಎಂದೇ ಕರೆಯುತ್ತಾರೆ, ಇವತ್ತು ಬೆಳಗ್ಗೆ ತಾನೇ ಪಾಳಿ ಮುಗಿಸಿ ಬಂದವರ ಹಾಗೆ. ಉಳಿದಿದ್ದದ್ದು ಒಂದೇ ಕಟ್ಟಡ, ಆ ಶೀತಲ ಕೋಣೆಯದ್ದು. ಅದರ ಚಾವಣಿಯ ಉದ್ದಕ್ಕೂ ಕಬ್ಬಿಣದ ಹಳಿ, ಹಳಿಗೆ ನೇತುಬಿದ್ದ ಕೊಕ್ಕೆಗಳು. ಪಾರಂಪರಿಕ ಕಟ್ಟಡವೆಂದು ಗುರುತಿಸಿದ್ದರಿಂದ ಒಂದು ಕೊಕ್ಕೆಯನ್ನೂ ತೆಗೆಯುವಂತಿರಲಿಲ್ಲ.

ಊರಿನ ನೆನಪಿಗೆ ಏನಾದರೂ ಮಾಡಬೇಕೆಂದು ಕೌನ್ಸಿಲ್ ಜನರನ್ನು ಕೇಳಿದಾಗ ಕೈ ಎತ್ತಿದವರು ಶಾಲೆಯಲ್ಲಿ ಟೈಕೊ ಕಲಿಸುತ್ತಿದ್ದ ಒಬ್ಬ ಜಪಾನಿ ಹೆಂಗಸು. ಟೈಕೊ ಎಂದರೆ ಅವರ ದೇಶದ ದೊಡ್ಡ ಡೋಲು, ಗುಂಪಾಗಿ ನಿಂತು ದಪ್ಪ ಕೋಲುಗಳಿಂದ ಬಾರಿಸುವಂಥದ್ದು. ಎಲ್ಲರೂ ಅವರನ್ನು ಸೆನ್ಸೇ ಅನ್ನುತ್ತಿದ್ದರು. ನಮ್ಮ ಕಡೆ ಮೇಷ್ಟ್ರು ಅಂದ ಹಾಗೆ. ಸಭೆಯಲ್ಲಿ ಅವರು ಹೇಳಿದ್ದು ಇಷ್ಟೇ: “ಈ ಊರು ಚರ್ಮದಿಂದ ಬದುಕಿದೆ. ಚರ್ಮವೇ ಮಾತಾಡಲಿ.”

ಆ ಮಾತು ಕೇಳಿ ನನ್ನ ಬೆನ್ನು ತಣ್ಣಗಾಯಿತು. ಆದರೂ ತಪಾಸಣೆಗೆ ಹೋದೆ. ಹಳಿಯ ಬೋಲ್ಟುಗಳನ್ನು ನೋಡಿದೆ, ತುಕ್ಕು ಕೆರೆದು ನೋಡಿದೆ, ಭಾರ ಲೆಕ್ಕ ಹಾಕಿದೆ. ತಾಲೀಮಿಗೆ ಒಪ್ಪಿಗೆ ಕೊಟ್ಟೆ. ಪ್ರದರ್ಶನಕ್ಕೆ ಜನ ಸೇರುವ ಮುನ್ನ ಇನ್ನೊಂದು ಸಹಿ ಬೇಕೆಂದು ಬರೆದೆ. ಸಹಿಯ ಪಕ್ಕದಲ್ಲಿ ಬಿ.ಇ. ಎಂದು ಬರೆಯುವ ಅಭ್ಯಾಸ ಇಲ್ಲಿ ಯಾರಿಗೂ ಇಲ್ಲ. ನನಗಿದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ಅದು. ಸುಮ್ಮನೆ ಬಂದದ್ದಲ್ಲ, ಹಾಗಾಗಿ ಬರೆಯುತ್ತೇನೆ.

ಡೋಲುಗಳನ್ನು ಕೊಳ್ಳಲಿಲ್ಲ, ಊರವರೇ ಸೇರಿ ಮಾಡಿದರು. ದ್ರಾಕ್ಷಾರಸ ಮಾಡುವವರು ಕೈಬಿಟ್ಟ ಓಕ್ ಮರದ ಪೀಪಾಯಿಗಳು ಯೂಟ್ ಎಂಬ ಸಣ್ಣ ಸರಕು ಗಾಡಿಗಳಲ್ಲಿ ಬಂದವು. ಎರಡೂ ಕಡೆಯ ಮುಚ್ಚಳ ತೆಗೆದು, ಹಲಗೆಗಳ ಸಂದಿಗೆ ಅಂಟು ಹಾಕಿ, ಒಳಗೂ ಹೊರಗೂ ಉಜ್ಜಿದೆವು. ಕಷ್ಟವಿದ್ದದ್ದು ಚರ್ಮದಲ್ಲಿ. ಹಸುವಿನ ಒಣ ಚರ್ಮವನ್ನು ನೀರಲ್ಲಿ ನೆನೆಹಾಕಿ, ದುಂಡಗೆ ಕತ್ತರಿಸಿ, ಅಂಚಿನ ಸುತ್ತ ಸೀಳು ಮಾಡಿ ಗೂಟ ತೂರಿಸಬೇಕು. ಗೂಟಕ್ಕೆ ಹಗ್ಗ, ಹಗ್ಗ ಕೆಳಗಿನ ಹಲಗೆಗೆ. ಆಮೇಲೆ ಪೀಪಾಯಿಯ ಅಡಿಗೆ ಕಾರಿನ ಜ್ಯಾಕ್ ಇಟ್ಟು ಮೆಲ್ಲಗೆ ಎತ್ತುತ್ತಾ ಹೋದರೆ ಚರ್ಮ ಬಿಗಿಯುತ್ತದೆ. ಸಾಕಷ್ಟು ಬಿಗಿದಾಗ ಸುತ್ತ ಮೊಳೆ ಹೊಡೆಯಬೇಕು.

ಮೊದಲ ಸಲ ಬೇಸಿಗೆಯ ಸೆಕೆಯಲ್ಲಿ ನೀರಲ್ಲಿ ಹೆಚ್ಚು ಹೊತ್ತು ಬಿಟ್ಟು ಚರ್ಮ ಕೊಳೆತೇ ಹೋಯಿತು. ಬಾಗಿಲು ತೆಗೆದ ಕೂಡಲೇ ವಾಸನೆ. ಒಬ್ಬೊಬ್ಬರೇ ಹೊರಗೆ ಓಡಿದರು. ನಾನು ಓಡಲಿಲ್ಲ. ಆ ವಾಸನೆ ನನಗೆ ಹೊಸದಲ್ಲ. ಅದು ನಮ್ಮ ಮನೆಯ ಹಿತ್ತಿಲ ವಾಸನೆ.

ಎರಡನೇ ಸಲ ಬೇಗ ತೆಗೆದೆವು. ಜ್ಯಾಕ್ ಎಲ್ಲಿ ನಿಲ್ಲಿಸಬೇಕೆಂದು ಯಾರಿಗೂ ಧೈರ್ಯವಿರಲಿಲ್ಲ. ಒಂದು ಚರ್ಮ ಆಗಲೇ ಹರಿದಿತ್ತು. ನಾನು ಕೈಗವಸು ಬಿಚ್ಚಿ ಹೆಬ್ಬೆರಳಿನಿಂದ ಅಂಚನ್ನು ಒತ್ತಿ ನೋಡಿದೆ. “ಇನ್ನು ಸ್ವಲ್ಪ,” ಅಂದೆ. “ಸಾಕು,” ಅಂದೆ. ಆ ಡೋಲು ಚೆನ್ನಾಗಿ ಬಂತು. ಉಳಿದವನ್ನೆಲ್ಲ ನನ್ನ ಕೈಯಿಂದಲೇ ಬಿಗಿಸಿದರು. ಕೊನೆಗೆ ಬಾರಿಸುವವರಿಗಿಂತ ಒಂದು ಡೋಲು ಹೆಚ್ಚೇ ಆಯಿತು. ಅದನ್ನು ಗೋಡೆಯ ಪಕ್ಕ ಇಟ್ಟೆವು.

ಬಾಗಿಲಲ್ಲಿ ಮೈಸೂರಿನ ಆಂಟಿ ಮೂಗಿಗೆ ದುಪಟ್ಟಾ ಒತ್ತಿಕೊಂಡು ನಿಂತಿದ್ದರು. ಅವರ ಯಜಮಾನರು ಹತ್ತಿರದ ಹಾಲಿನ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಆ ಊರಲ್ಲಿ ಕನ್ನಡ ಮಾತಾಡಲು ನನಗಿದ್ದದ್ದು ಅವರೊಬ್ಬರೇ. ಭಾನುವಾರದ ತಾಲೀಮಿಗೆ ಬರುವಾಗ ಡಬ್ಬದಲ್ಲಿ ಪುಳಿಯೋಗರೆ ತಂದು, ನಾನು ತಿಂದು ಮುಗಿಸುವವರೆಗೂ ಎದುರಿಗೆ ಕೂರುತ್ತಿದ್ದರು.

“ಅಯ್ಯೋ ರಾಮ, ಅದ್ಹ್ಯಾಗೆ ಮುಟ್ತೀಯೇ ತಾಯಿ! ಇಂಜಿನಿಯರಿಂಗ್ ಓದಿ ಇದೆಲ್ಲಾ ಬೇಕಿತ್ತಾ ನಿಂಗೆ?”

“ಬನ್ನಿ ಆಂಟಿ, ಒಂದು ಮೊಳೆ ಹೊಡೀರಿ. ಪುಣ್ಯ ಬರತ್ತೆ.”

“ಒಲ್ಲೆನಮ್ಮ. ಬಾರಿಸು ಅನ್ನು, ಬಾರಿಸ್ತೀನಿ. ಅದನ್ನ ಮಾಡೋದೆಲ್ಲಾ ನನ್ ಕೈಲಾಗಲ್ಲ. ಹೋಗು, ಮೊದ್ಲು ಡೆಟ್ಟಾಲ್ ಹಾಕಿ ಕೈ ತೊಳ್ಕೋ, ಆಮೇಲೆ ಊಟ.”

ಪ್ರೀತಿಯಿಂದಲೇ ಹೇಳಿದ್ದು. ನಾನೂ ನಕ್ಕೆ.

ಸೆನ್ಸೇ ಕಲಿಸುವ ರೀತಿ ನನಗೆ ಗೊತ್ತಿದ್ದ ರೀತಿಯೇ. ಮೊದಲು ಬಾಯಲ್ಲಿ, ಆಮೇಲೆ ಕೈಯಲ್ಲಿ. ಅವರ ಸೊಲ್ಲುಗಳು ದೊನ್, ದೊಕೊ, ಕಾ. ಒಂದು ಭಾನುವಾರ ಎಲ್ಲರನ್ನೂ ದುಂಡಗೆ ಕೂರಿಸಿ, ನಿಮ್ಮ ನಿಮ್ಮ ಮನೆಯ ಒಂದು ತಾಳ ಹೇಳಿ, ಅದರಿಂದ ನಮ್ಮ ಆಟ ಕಟ್ಟೋಣ ಅಂದರು. ಒಬ್ಬ ಹಳೆಯ ಕೆಲಸಗಾರ ವರ್ಕ್ಸಿನ ಸರಪಳಿ ಓಡುವ ಸದ್ದು ಹೇಳಿದ. ಆಂಟಿ ಭಜನೆಯ ತಾಳ ಹೇಳಿದರು. ನನ್ನ ಸರದಿ ಬಂದಾಗ ತಲೆ ಖಾಲಿ.

“ಯೋಚನೆ ಮಾಡಬೇಡ. ಬಾಯಿಗೆ ಗೊತ್ತಿರುತ್ತೆ,” ಅಂದರು ಸೆನ್ಸೇ.

ಬಾಯಿಗೆ ಗೊತ್ತಿತ್ತು. ಡಣ್. ಡಣ್. ಡಣಕ್ಕ ಡಣ್. ಆಮೇಲೊಂದು ಬಿಡುವು. ಮತ್ತೆ ಡಣ್.

ಅಪ್ಪ ಸುಮ್ಮನೆ ಕೂತಾಗ ಮಂಡಿಯ ಮೇಲೆ ಬೆರಳಲ್ಲಿ ಅದನ್ನು ಬಡಿಯುತ್ತಿದ್ದ. ಅವ್ವ ನೋಡಿದರೆ ಅವನ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ. ನನ್ನ ಮಟ್ಟಿಗೆ ಅದು ಅಪ್ಪನ ತಾಳ, ಅಷ್ಟೇ.

ಸೆನ್ಸೇಗೆ ಆ ಬಿಡುವು ಬಹಳ ಹಿಡಿಸಿತು. “ಈ ಖಾಲಿ ಜಾಗ ಇದೆಯಲ್ಲ, ಇದನ್ನು ಯಾರೂ ತುಂಬಬೇಡಿ,” ಅಂದರು.

ನಮ್ಮ ಗುಂಪಿನಲ್ಲಿ ಆ ನೆಲದ ಮೂಲಜನರಾದ ಮಾವೊರಿಗಳ ಒಬ್ಬ ಹಿರಿಯ ಹೆಂಗಸಿದ್ದರು. ಅವರನ್ನು ಊರೆಲ್ಲ ನ್ಯಾನ್ ಅನ್ನುತ್ತಿತ್ತು, ಅಜ್ಜಿ ಎಂದು. ವರ್ಕ್ಸಿನಲ್ಲಿ ಕರುಳು ತೊಳೆಯುವ ವಿಭಾಗದಲ್ಲಿ ದುಡಿದವರು. “ನಿನ್ನಪ್ಪ ಏನು ಮಾಡ್ತಿದ್ದ, ಮಗಾ?” ಎಂದು ಕೇಳಿದರು.

“ವಾದ್ಯ ನುಡಿಸ್ತಿದ್ದರು.”

ಆಂಟಿಯ ಕಣ್ಣು ಅರಳಿತು. “ನೋಡಿದ್ಯಾ, ಇಷ್ಟು ದಿನ ಬಾಯೇ ಬಿಡ್ಲಿಲ್ಲ! ಸಂಗೀತದ ಮನೆತನ ಅನ್ನು. ಏನು, ಮೃದಂಗಾನಾ?”

“ಚರ್ಮವಾದ್ಯ, ಆಂಟಿ.”

“ಅದಕ್ಕೇ ಬಾಯಲ್ಲಿ ತಾಳ ನಿಲ್ಲತ್ತೆ. ರಕ್ತದಲ್ಲಿರಬೇಕು ಕಣಮ್ಮಾ ಇದೆಲ್ಲಾ.”

ನಾನು ಸುಳ್ಳು ಹೇಳಲಿಲ್ಲ. ಅವರು ತಮಗೆ ಬೇಕಾದ್ದನ್ನು ಕೇಳಿಸಿಕೊಂಡರು, ನಾನು ತಿದ್ದಲಿಲ್ಲ.

ಸದ್ದು ಶುರುವಾದದ್ದು ಆ ತಾಳವನ್ನು ಎಲ್ಲರೂ ಒಟ್ಟಿಗೆ ಬಾರಿಸಿದ ದಿನ. ಬಿಡುವು ಬಂದಾಗ, ಎಲ್ಲರ ಕೋಲೂ ಗಾಳಿಯಲ್ಲಿ ನಿಂತಿರುವಾಗ, ಎಲ್ಲಿಂದಲೋ ಒಂದು ಹೂಂಕಾರ. ತಗ್ಗು ದನಿ. ನಿದ್ದೆಯಲ್ಲಿರುವವರನ್ನು ಕರೆದರೆ ಬಾಯಿ ಮುಚ್ಚಿಕೊಂಡೇ ಓಗೊಡುತ್ತಾರಲ್ಲ, ಹಾಗೆ. ಉಳಿದ ತಾಳಗಳಲ್ಲಿ ಇಲ್ಲ, ಈ ಒಂದು ಬಿಡುವಿನಲ್ಲಿ ಮಾತ್ರ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನ್ಯಾನ್ ಚಾವಣಿ ನೋಡಿದರು.

ದೆವ್ವ ಎಂದು ಎಂಜಿನಿಯರ್ ಬರೆಯುವಂತಿಲ್ಲ. ಕಂಪನ ಎಂದು ಬರೆದುಕೊಂಡೆ. ಏಣಿ ತರಿಸಿ ಕೊಕ್ಕೆಗಳಿಗೆಲ್ಲ ರಬ್ಬರ್ ಪಟ್ಟಿ ಸುತ್ತಿದೆ. ಕಿಟಕಿಯ ಗಾಜುಗಳಿಗೆ ಬೆಣೆ ಕೊಟ್ಟೆ. ಮುಂದಿನ ಭಾನುವಾರ ಮತ್ತೆ ಅದೇ ಸದ್ದು. ಹಳಿಯ ಬೋಲ್ಟುಗಳನ್ನು ಒಂದೊಂದಾಗಿ ಬಿಗಿಸಿದೆ. ಸದ್ದು ಹೋಗಲಿಲ್ಲ. ಕಚೇರಿಯಲ್ಲಿ ಕೂತಾಗಲೂ, ಕಾರು ಓಡಿಸುವಾಗಲೂ, ಎರಡು ಸದ್ದುಗಳ ನಡುವೆ ಎಲ್ಲೇ ಬಿಡುವು ಬಂದರೂ ನನ್ನ ಕಿವಿ ಅದಕ್ಕೆ ಕಾಯತೊಡಗಿತು.

ಪ್ರದರ್ಶನ ಹತ್ತಿರ ಬಂದಾಗ ಸೆನ್ಸೇ ನಡಿಗೆ ಸೇರಿಸಿದರು. ಡೋಲುಗಳನ್ನು ಗಾಲಿಯ ಮೇಲಿಟ್ಟು, ಎರಡು ಸಾಲಾಗಿ, ತಾಳಕ್ಕೆ ಹೆಜ್ಜೆ ಹಾಕುತ್ತಾ ಮುಂಬಾಗಿಲಿನಿಂದ ಒಳಗೆ ಬರುವುದು. ಎರಡು ಸಾಲಿನ ನಡುವೆ ಒಂದು ಆಳು ಮಲಗುವಷ್ಟು ಅಗಲ ಬಿಡಿ ಅಂದರು. ಬೆಳಕು ಅಲ್ಲಿ ಬೀಳುತ್ತದೆ, ನೋಡಲು ಚೆನ್ನ. ನಾನು ಒಳಗೆ ನಿಂತು ಅವರು ಬರುವುದನ್ನು ನೋಡುತ್ತಿದ್ದೆ. ಡಣ್. ಡಣ್. ಡಣಕ್ಕ ಡಣ್. ಎಲ್ಲರೂ ನಿಂತರು. ಹೂಂ ಎಂದಿತು ಸದ್ದು. ಮತ್ತೆ ಹೆಜ್ಜೆ.

ಆಗ ಗೊತ್ತಾಯಿತು.

ಆ ತಾಳವನ್ನು ನಾನು ನಡಿಗೆಯ ಜೊತೆ ಎಂದೂ ನೋಡಿರಲಿಲ್ಲ. ಶಿರಾ ಕಡೆಯ ನಮ್ಮ ಹಳ್ಳಿಯಲ್ಲಿ ಅದು ಊರಾಚೆ ಹೋಗುವಾಗ ಹೆಣ್ಣುಮಕ್ಕಳು ಬಾಗಿಲು ಹಾಕಿಕೊಂಡು ಒಳಗಿರಬೇಕು. ಗೋಡೆಯಾಚೆ ಸಣ್ಣಗಾಗುತ್ತಾ ಹೋಗುವ ಸದ್ದಷ್ಟೇ ನನ್ನದು, ಅಪ್ಪನ ಮಂಡಿಯ ಮೇಲಿನ ತಾಳವೇ ಅದೆಂದು ಹೊಳೆದಿರಲಿಲ್ಲ. ಹೆಣದ ಮುಂದೆ ನಡೆಯುವವರ ಬಡಿತ ಅದು. ಸೆನ್ಸೇಗೆ ಅಷ್ಟು ಹಿಡಿಸಿದ ಆ ಬಿಡುವು, ಚಟ್ಟ ಹೊತ್ತವರು ಹೆಗಲು ಬದಲಿಸಲು ಕೊಡುವ ಹೊತ್ತು. ಸಾವಿಲ್ಲದೆ ಅದನ್ನು ಬಡಿಯಬಾರದು. ಸೂರಿನ ಕೆಳಗೆ ಬಾಯಲ್ಲೂ ಹೇಳಬಾರದು. ಅವ್ವ ಅಪ್ಪನ ಕೈ ಹಿಡಿಯುತ್ತಿದ್ದದ್ದು ಅದಕ್ಕೆ.

ನನ್ನೆದುರು ಎರಡು ಸಾಲು ಬರುತ್ತಿತ್ತು, ನಡುವೆ ಚಟ್ಟದ ಜಾಗ ಖಾಲಿ. ಸಾಲಿನ ತುದಿಯಲ್ಲಿ ಆಂಟಿ, ಕೆಂಪು ಕುಂಕುಮ ಇಟ್ಟುಕೊಂಡು, ನಗುನಗುತ್ತಾ ಬಾರಿಸುತ್ತಿದ್ದರು.

ನಾನು ತಲೆನೋವೆಂದು ಹೇಳಿ ಮನೆಗೆ ಹೋದೆ.

ಅಪ್ಪ ತಮಟೆ ಬಿಟ್ಟದ್ದು ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕ ವರ್ಷ. ಕರೆಯಲು ಬಂದವರಿಗೆ ಬಾಗಿಲಲ್ಲೇ ನಿಂತು, “ನನ್ ಮಗ್ಳು ಇಂಜಿನೇರ್ ಆಯ್ತಾವ್ಳೆ. ಇನ್ನ ನನ್ನ ಕರೀಬ್ಯಾಡ್ರಿ,” ಅಂದನಂತೆ. ಆಮೇಲೆ ಅದನ್ನು ಮುಟ್ಟಲಿಲ್ಲ. ಕೊರೊನಾದಿಂದ ಗಡಿಗಳು ಮುಚ್ಚಿದ್ದ ಕಾಲದಲ್ಲಿ ಅವನು ತೀರಿಕೊಂಡ. ನಾನು ಇಲ್ಲಿಂದ ಫೋನಿನಲ್ಲಿ ನೋಡಿದೆ. ನಾಲ್ಕು ಜನ ಹೊತ್ತು ನಡೆಯುತ್ತಿದ್ದರು, ಸದ್ದೇ ಇರಲಿಲ್ಲ. ಫೋನಿನ ದನಿ ಆಫ್ ಆಗಿದೆಯೇನೋ ಎಂದು ಮತ್ತೆ ಮತ್ತೆ ಒತ್ತಿ ನೋಡಿದೆ. ಆಮೇಲೆ ಅಣ್ಣ ಹೇಳಿದ: “ತಮಟೆ ಬ್ಯಾಡ ಅಂತ ಅಪ್ಪನೇ ಅಂದಿದ್ದ ಕಣವ್ವ. ಬಿಟ್ಟಿದ್ದು ಬಿಟ್ಟಂಗೇ ಇರ್ಲಿ ಅಂತ.” ಸರಿ ಅನ್ನಿಸಿತ್ತು. ಈಗಲೂ ಸರಿಯೇ ಅನ್ನಿಸುತ್ತದೆ. ಆದರೆ ಊರಿನ ಪ್ರತಿ ಹೆಣದ ಮುಂದೆ ನಡೆದವನ ಮುಂದೆ ಯಾರೂ ನಡೆಯಲಿಲ್ಲ, ಅದೂ ನಿಜ.

ಆ ವಾರ ಒಬ್ಬಳೇ ವರ್ಕ್ಸಿಗೆ ಹೋದೆ. ಒಂದು ಡೋಲಿನ ಮೇಲೆ ತಾಳ ಬಾರಿಸಿ, ನಿಲ್ಲಿಸಿ, ಸದ್ದು ಹುಡುಕುತ್ತಾ ನಡೆದೆ. ಅದು ಚಾವಣಿಯಿಂದ ಬರುತ್ತಿರಲಿಲ್ಲ. ಗೋಡೆಯ ಪಕ್ಕ ಇಟ್ಟಿದ್ದ, ಯಾರೂ ಬಾರಿಸದ ಆ ಹೆಚ್ಚುವರಿ ಡೋಲು. ಅಂಗೈ ಇಟ್ಟರೆ ಚರ್ಮ ನಡುಗುತ್ತಿತ್ತು. ಒಂದೇ ಶ್ರುತಿಯ ಎರಡು ಚರ್ಮಗಳಿದ್ದರೆ, ಒಂದನ್ನು ಬಾರಿಸಿದಾಗ ಇನ್ನೊಂದು ತಾನೇ ಮೊಳಗುತ್ತದೆ. ಕಾಲೇಜಿನಲ್ಲಿ ಓದಿದ್ದೇ. ಬಡಿತ ನಡೆಯುವಾಗಲೂ ಅದು ಮೊಳಗುತ್ತಲೇ ಇರುತ್ತದೆ. ದೀರ್ಘ ಬಿಡುವು ಬಂದಾಗ ಮಾತ್ರ ನಮಗೆ ಕೇಳಿಸುತ್ತದೆ. ಕಂಬಳಿ ಹೊದಿಸಿದೆ, ನಿಂತಿತು. ತೆಗೆದೆ, ಮತ್ತೆ ಬಂತು.

ಕಾರಣ ಸಿಕ್ಕಿತು, ಪರಿಹಾರ ಒಂದು ಕಂಬಳಿ. ಆದರೂ ಕಚೇರಿಗೆ ಬಂದು ಸಹಿ ಹಾಕಲಿಲ್ಲ. ಚಾವಣಿಯಲ್ಲಿ ಕಂಪನದ ಸಂಶಯ ಇದೆ, ಆ ತಾಳ ಕೈಬಿಟ್ಟರೆ ಒಪ್ಪಿಗೆ, ಇಲ್ಲವಾದರೆ ಇಲ್ಲ ಎಂದು ಬರೆಯಲು ಶುರು ಮಾಡಿದೆ. ಒಂದು ಸಹಿ ತಡೆದರೆ ಸಾಕು. ಯಾರೂ ನನ್ನನ್ನು ಪ್ರಶ್ನಿಸುತ್ತಿರಲಿಲ್ಲ. ಅಪ್ಪ ಯಾರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಭಾನುವಾರದ ಡಬ್ಬವೂ ತಪ್ಪುತ್ತಿರಲಿಲ್ಲ.

ಮರುದಿನ ಮತ್ತೊಮ್ಮೆ ಹಳಿ ನೋಡುವ ನೆಪದಲ್ಲಿ ಏಣಿಯ ಮೇಲಿದ್ದೆ. ನ್ಯಾನ್ ಒಳಗೆ ಬಂದರು.

“ಸದ್ದಿನ ಕಾರಣ ಸಿಕ್ಕಿತಾ?”

“ಸಿಕ್ಕಿತು. ಆ ಹೆಚ್ಚುವರಿ ಡೋಲು.”

“ಹಾಗಾದ್ರೆ ಮೇಲೆ ಏನು ಹುಡುಕ್ತಿದೀಯ?”

ನಾನು ಮತ್ತೊಂದು ಬೋಲ್ಟಿಗೆ ಕೈ ಹಾಕಿದೆ. ಅವರು ಏಣಿಯ ಕಾಲು ಹಿಡಿದು ನಿಂತರು.

“ನನ್ನ ತಮ್ಮ ಇಲ್ಲೇ ಸತ್ತದ್ದು. ಈ ಕೋಣೆಯಲ್ಲೇ. ತಣ್ಣಗಿಡುವ ಅನಿಲ ಸೋರಿ. ಹಿಂದಿನ ಬಾಗಿಲಿನಿಂದ ತೆಗೆದುಕೊಂಡು ಹೋದರು, ಮುಂದೆ ನಿಂತಿದ್ದ ನಮಗೆ ಕಾಣದ ಹಾಗೆ. ಮುಂದಿನ ಪಾಳಿಗೆ ಸರಪಳಿ ಮತ್ತೆ ಓಡಿತು. ಅವನು ಮುಂಬಾಗಿಲಿನಿಂದ ಒಳಗೆ ಹೋದದ್ದನ್ನ ನೋಡಿದೀನಿ. ಹೊರಗೆ ಬಂದದ್ದನ್ನ ನೋಡಿಲ್ಲ.” ನನ್ನ ಕಡೆ ತಲೆ ಎತ್ತಿ, “ನಿನ್ನ ತಾಳ ಕೇಳಿದ ದಿನದಿಂದ ಅವನೇ ನೆನಪು. ಏನದು ತಾಳ? ನಿಜ ಹೇಳು,” ಅಂದರು.

ಏಣಿ ಇಳಿದು, ಕೆಳಗಿನ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಹೆಣದ ಮುಂದಿನ ಬಡಿತವೆಂದು, ಖಾಲಿ ಬಡಿಯಬಾರದೆಂದು, ಆ ಕೆಲಸ ಮಾಡುವವರನ್ನು ನಮ್ಮೂರಲ್ಲಿ ಎಲ್ಲಿ ನಿಲ್ಲಿಸುತ್ತಾರೆಂದು. “ಅದಕ್ಕೇ ಸಹಿ ಹಾಕಲಿಲ್ಲ,” ಅಂದೆ.

ನ್ಯಾನ್ ಏಣಿಯಿಂದ ಕೈ ತೆಗೆದರು. “ನನಗೊಬ್ಬಳಿಗೆ ಹೇಳಿದರೆ ಆಗಲ್ಲ, ಮಗಾ. ಬಾರಿಸ್ತಿರೋರು ಎಲ್ಲರೂ. ಕೈಯಲ್ಲಿ ಏನು ಹಿಡಿದಿದೀವಿ ಅಂತ ಗೊತ್ತಿಲ್ಲದೆ ಹಿಡೀಬಾರದು.”

ಭಾನುವಾರ ಎಲ್ಲರೂ ಕೂತಿದ್ದಾಗ ಎದ್ದು ನಿಂತೆ. ಮೊದಲು ಇಂಗ್ಲಿಷಿನಲ್ಲಿ ಹೇಳಿದೆ. ಅಪ್ಪ ತಮಟೆ ಬಡಿಯುತ್ತಿದ್ದ. ಸತ್ತವರ ಮುಂದೆ. ನಮ್ಮ ಮನೆತನದ ಕೆಲಸ ಅದು, ಇನ್ಯಾರೂ ಮಾಡದ ಕೆಲಸ. ಆಮೇಲೆ ಆಂಟಿಯ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದೆ. ಹೇಳುವ ಅಗತ್ಯವಿರಲಿಲ್ಲ, ಅವರಿಗೆ ಮೊದಲ ಸಲವೇ ಅರ್ಥವಾಗಿತ್ತು. ಆದರೂ ಹೇಳಿದೆ.

ಸೆನ್ಸೇ ತಲೆ ಬಾಗಿಸಿದರು. “ನಮ್ಮ ಕಡೆಯೂ ಚರ್ಮದ ಕೆಲಸದವರ ಊರುಗಳು ಬೇರೆ ಇರುತ್ತಿದ್ದವು. ನನ್ನ ಗುರುಗಳು ಆ ಮಾತು ಎತ್ತುತ್ತಿರಲಿಲ್ಲ,” ಅಂದರು. ತಾಳ ಬಿಡೋಣವೇ ಎಂದು ಯಾರೋ ಕೇಳಿದರು. ನ್ಯಾನ್, “ಬಿಡೋದು ಬೇಡ. ತಿರುಗಿಸೋಣ. ಒಳಗೆ ಬರೋದು ಬೇಡ, ಹೊರಗೆ ಹೋಗೋಣ. ಮುಂಬಾಗಿಲಿನಿಂದ. ಆ ತಾಳಕ್ಕೆ ಸತ್ತವರು ಬೇಕಾದರೆ ಇಲ್ಲಿ ಇದ್ದಾರೆ,” ಅಂದರು. ನಡುವಿನ ಜಾಗದಲ್ಲಿ ಆ ಹೆಚ್ಚುವರಿ ಡೋಲನ್ನು ಊರಿನ ನಾಲ್ವರು ಮರದ ಗಳುಗಳ ಮೇಲೆ ಹೊತ್ತು ನಡೆಯುವುದೆಂದು ತೀರ್ಮಾನವಾಯಿತು. ಕಂಬಳಿ ಇಲ್ಲದೆ.

ಆಂಟಿ ಡಬ್ಬದ ಮುಚ್ಚಳ ಹಾಕುತ್ತಿದ್ದರು.

“ಮೃದಂಗ ಅಂದಿದ್ಯಲ್ಲೇ.”

“ಅದು ನೀವಂದದ್ದು, ಆಂಟಿ.”

“ಹೇಳ್ಬೋದಿತ್ತು.”

“ಹೇಳಿದ್ರೆ ಡಬ್ಬ ಬರ್ತಿತ್ತಾ?”

ಅವರು ಡಬ್ಬವನ್ನು ನನ್ನ ಕುರ್ಚಿಯ ಮೇಲೇ ಬಿಟ್ಟು ಹೋದರು. ಅದು ಊಟ ಬಿಟ್ಟು ಹೋದದ್ದೋ, ಡಬ್ಬವೇ ಬೇಡವೆಂದು ಬಿಟ್ಟದ್ದೋ ನನಗೆ ತಿಳಿಯಲಿಲ್ಲ. ಮುಂದಿನ ಭಾನುವಾರ ಅವರು ಬರಲಿಲ್ಲ. ಡಬ್ಬ ತೊಳೆದಿಟ್ಟುಕೊಂಡಿದ್ದೆ. ಸಹಿ ಹಾಕಿದೆ, ಪಕ್ಕದಲ್ಲಿ ಬಿ.ಇ. ಎಂದೂ ಬರೆದೆ.

ಪ್ರದರ್ಶನದ ಮಧ್ಯಾಹ್ನ ಸಾಲಿನ ತುದಿಯ ಡೋಲು ಖಾಲಿ ಇರುತ್ತದೆಂದುಕೊಂಡಿದ್ದೆ. ಆಂಟಿ ಬಂದಿದ್ದರು. ಯಾರನ್ನೂ ನೋಡದೆ ಕೋಲು ಹಿಡಿದು ತಮ್ಮ ಜಾಗದಲ್ಲಿ ನಿಂತರು. ಹಣೆಯಲ್ಲಿ ಕುಂಕುಮ ಇತ್ತು, ನಗು ಇರಲಿಲ್ಲ. ಎಲ್ಲರಿಗಿಂತ ಮುಂದಿದ್ದ ತಮ್ಮ ಡೋಲು ನನಗೆ ಎಂದು ಸೆನ್ಸೇ ಕೋಲು ಕೊಟ್ಟರು. ಮುಂದೆ ನಡೆಯುವವರು ಹಿಂದೆ ತಿರುಗಿ ನೋಡಬಾರದು, ಅಷ್ಟು ನನಗೆ ಗೊತ್ತಿತ್ತು.

ಡಣ್. ಡಣ್. ಡಣಕ್ಕ ಡಣ್. ಬೆನ್ನ ಹಿಂದೆ ಹೊತ್ತವರು ಹೆಗಲು ಬದಲಿಸಿದ ಸದ್ದು, ಗಳು ಕಿರುಗುಟ್ಟಿದ್ದು. ಆಮೇಲೆ ಆ ಹೂಂಕಾರ, ನನ್ನ ಬೆನ್ನಿಗೆ ಹತ್ತಿರದಲ್ಲಿ. ಅದು ಯಾವ ಚರ್ಮ, ಯಾವ ಶ್ರುತಿ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೂ ಪ್ರತಿ ಬಿಡುವಿನಲ್ಲಿ ಕತ್ತಿನ ಕೂದಲು ನಿಮಿರಿತು. ಒಬ್ಬರ ದನಿಯಲ್ಲ, ಹಲವರದ್ದು ಎಂಬಂತೆ ಕೇಳುತ್ತಿತ್ತು. ಹೊಸ್ತಿಲು ದಾಟಿ ಬಿಸಿಲಿಗೆ ಬಂದೆವು. ನಿಲ್ಲಿಸಿದೆವು. ನ್ಯಾನ್ ತಮ್ಮನ ಹೆಸರು ಕೂಗಿದರು, ಒಮ್ಮೆ ಮಾತ್ರ. ಇಳಿಸಿದ ಡೋಲು ಮೆಲ್ಲಗೆ ಸುಮ್ಮನಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬಾಗಿಲ ಪಕ್ಕ ನ್ಯಾನ್ ಒಂದು ಬಕೆಟ್ ನೀರು, ಒಂದು ಜಗ್ ಇಟ್ಟಿದ್ದರು. ಸತ್ತವರ ಜಾಗದಿಂದ ಬಂದವರು ಕೈ ತೊಳೆದೇ ಹೋಗಬೇಕು. ಅವರಲ್ಲೂ ಹಾಗೆ, ನಮ್ಮಲ್ಲೂ ಹಾಗೆ. ಒಬ್ಬರಿಗೊಬ್ಬರು ನೀರು ಹಾಕಿಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಜಗ್ ಇದ್ದದ್ದು ಆಂಟಿಯ ಕೈಯಲ್ಲಿ.

ನನ್ನ ಎರಡೂ ಕೈ ತಾವಾಗಿಯೇ ಬೊಗಸೆಯಾದವು. ಅಪ್ಪ ಹೆಣ ಮಣ್ಣು ಮಾಡಿ ಬಂದು, ದೊಡ್ಡವರ ಮನೆಯ ಹಿತ್ತಿಲಲ್ಲಿ ಬಗ್ಗಿ ಹಿಡಿಯುತ್ತಿದ್ದ ಹಾಗೆ. ಆ ಮನೆಯವರು ತಾಕದ ಹಾಗೆ ಮೇಲಿನಿಂದ ಸುರಿಯುತ್ತಿದ್ದರು. ಜಗ್ ನನ್ನ ಕೈಯಿಂದ ಎಷ್ಟು ಎತ್ತರದಲ್ಲಿದೆ ಎಂದು ನೋಡಿದೆ. ಎತ್ತರದಲ್ಲೇ ಇತ್ತು. ನೀರು ಬಿತ್ತು. ಅದು ಆ ಎತ್ತರವೋ, ಸುಮ್ಮನೆ ಯಾರಾದರೂ ಹಿಡಿಯುವ ಎತ್ತರವೋ, ಹೇಳಲು ಬರುವಂತಿರಲಿಲ್ಲ.

ಕೈ ಒದರಿ, ಜಗ್ಗಿನ ಹಿಡಿಯನ್ನು ಅವರ ಬೆರಳುಗಳ ಮೇಲೇ ಹಿಡಿದೆ.

“ಕೊಡಿ ಆಂಟಿ. ನೀವೂ ಬಾರಿಸಿದೀರಿ. ಕೈ ಹಿಡೀರಿ.”

ಅವರು ನನ್ನ ಮುಖ ನೋಡಿದರು. ಹೆಗಲು ಬದಲಿಸುವಷ್ಟು ಹೊತ್ತು ಸುಮ್ಮನೆ ನಿಂತರು. ಆಮೇಲೆ ಜಗ್ ಬಿಟ್ಟು, ಬಗ್ಗಿ, ಎರಡೂ ಕೈ ಚಾಚಿದರು.

ನಾನು ಹತ್ತಿರದಿಂದ ಸುರಿದೆ.